ಗೋಲುಕಂಬ ಕೀಳುವ ಸಭೆ

ಭಾರತ ತಂಡ ಏಷ್ಯಾದ ದೊಡ್ಡ ಫುಟ್‌ಬಾಲ್ ಟೂರ್ನಮೆಂಟಿನಿಂದ ಒಂದೇ ಒಂದು ಗೋಲೂ ಹೊಡೆಯದೆ ಹೊರಬಿದ್ದ ಮರುದಿನ ಬೆಳಿಗ್ಗೆ, ತಿಂಡಿ ಮುಗಿಸಿದವಳೇ ನಾನು ನಮ್ಮೂರಿನ ಯಲ್ಲಾಪುರ ನಾಕೆಯ ಟಯರ್ ಅಂಗಡಿಗೆ ಹೋದೆ. ಟೀಚರಾಗಿ ರಿಟೈರಾದ, ಎಪ್ಪತ್ತು ದಾಟಿದ ಹೆಂಗಸಿಗೆ ಟಯರ್ ಅಂಗಡಿಯಲ್ಲಿ ಏನು ಕೆಲಸ ಎಂದು ಸಿರ್ಸಿಯಲ್ಲಿ ಈಗ ಯಾರೂ ಕೇಳುವುದಿಲ್ಲ. ಕೇಳಿ ಕೇಳಿ ಸಾಕಾಗಿ ಬಿಟ್ಟಿದ್ದಾರೆ. ಆ ಅಂಗಡಿಯ ಸಾಹೇಬರು ಹಳೇ ಟಯರುಗಳ ರಾಶಿಯ ಮೇಲೆ ಒಂದು ಟೀವಿ ಕೂರಿಸಿದ್ದಾರೆ. ನಮ್ಮ ದೇಶದ ಫುಟ್‌ಬಾಲ್ ನೋಡುವವರೆಂದು ನನಗೆ ಗೊತ್ತಿರುವುದು ಸಾಹೇಬರು, ನಾನು ಮತ್ತು ಒಬ್ಬ ಬ್ಯಾಂಕ್ ಮ್ಯಾನೇಜರು. ಕುಮಟಾ ಕಡೆಯವರು, ನಿವೃತ್ತರಾದ ಮೇಲೆ ಸಿದ್ದಾಪುರದಲ್ಲಿ ಮನೆ ಮಾಡಿದ್ದಾರೆ. ಮ್ಯಾಚಿದ್ದ ದಿನ ಬಸ್ಸು ಹತ್ತಿ ಬರುತ್ತಾರೆ. ಸೋತ ಮರುದಿನ ಇನ್ನೂ ಬೇಗ ಬರುತ್ತಾರೆ, ಯಾಕೆಂದರೆ ಅವತ್ತು ಮಾತಾಡಲು ಜಾಸ್ತಿ ಇರುತ್ತದೆ.

ಅವತ್ತೂ ಮ್ಯಾನೇಜರು ನನಗಿಂತ ಮೊದಲೇ ಬಂದು ಕೋಚನ್ನು ಮಾತಿನಲ್ಲೇ ಮನೆಗೆ ಕಳಿಸಿ ಆಗಿತ್ತು. ಸಾಹೇಬರು ಒಪ್ಪಿರಲಿಲ್ಲ. ಕೋಚ್ ಏನು ಮಾಡುತ್ತಾನೆ, ಮುಂದೆ ಆಡುವವನಿಗೆ ವಯಸ್ಸಾಯಿತು, ಅವನ ಜಾಗಕ್ಕೆ ಇನ್ನೊಬ್ಬನನ್ನು ಇಷ್ಟು ವರ್ಷದಲ್ಲಿ ಯಾರೂ ತಯಾರು ಮಾಡಲಿಲ್ಲ ಎಂದು ಅವರ ವಾದ. ನನ್ನದು ಎರಡೂ ಅಲ್ಲ. ಮಿಡ್‌ಫೀಲ್ಡಿನಿಂದ ಒಂದು ಡೀಸೆಂಟ್ ಪಾಸ್ ಬಾರದಿದ್ದರೆ ಮುಂದೆ ನಿಂತವನು ಏನು ಮಾಡಬೇಕು? ಊಟಕ್ಕೆ ಕೂತವನ ಎಲೆಗೆ ಏನೂ ಬಡಿಸದೆ, ಉಣ್ಣಲಿಲ್ಲ ಎಂದು ಬೈದ ಹಾಗೆ ಅದು.

"ಬಡಿಸಿದ್ರು ಟೀಚರ್, ಬಡಿಸಿದ್ರು. ಎಲೆಯೇ ತೂತು," ಎಂದರು ಮ್ಯಾನೇಜರು.

ಸಾಹೇಬರು ಒಂದು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ತಿರುಗಿಸುತ್ತ ಕೂತಿದ್ದರು. ತಲೆ ಎತ್ತಲಿಲ್ಲ. "ಟ್ಯೂಬಾದ್ರೆ ಒಂದು ಕಡೆ ಗುಳ್ಳೆ ಬರ್ತದೆ, ಅಲ್ಲಿ ಪ್ಯಾಚ್ ಹಾಕ್ಬಹುದು. ಈ ಟೀಮು ಎಲ್ಲಿ ಮುಳುಗಿಸಿದ್ರೂ ಗುಳ್ಳೆ."

ನಾವು ಹಾಗೆಲ್ಲ ಬೈಯುತ್ತೇವೆ. ಯಾರಾದರೂ ಹೊರಗಿನವರು ನಿಂತು ಕೇಳಿದರೆ, ಇವರಿಗೆ ಈ ತಂಡದ ಮೇಲೆ ಯಾವ ಜನ್ಮದ ಸಿಟ್ಟೋ ಎಂದುಕೊಳ್ಳಬೇಕು. ಆದರೆ ಬೈಯುವಾಗ ನಮ್ಮ ಬಾಯಲ್ಲಿ ಬರುವುದು 'ನಾವು' ಎಂದೇ. ನಾವು ಎಡಗಡೆ ಅಷ್ಟು ಜಾಗ ಬಿಡಬಾರದಿತ್ತು. ನಾವು ಕಾರ್ನರ್ ಹಾಳು ಮಾಡಿಕೊಂಡೆವು. ಮೊಣಕಾಲು ಆಪರೇಷನ್ ಆದ ನಾನು, ಬಿ.ಪಿ. ಮಾತ್ರೆ ನುಂಗುವ ಮ್ಯಾನೇಜರು, ಲಾರಿ ಟಯರಿಗಿಂತ ದಪ್ಪ ಹೊಟ್ಟೆಯ ಸಾಹೇಬರು, ನಾವು ಮೂವರೇ ಅಲ್ಲಿ ಹೋಗಿ ಕೆಡಿಸಿ ಬಂದ ಹಾಗೆ.

ಮಾತು ಹೀಗೆ ನಡೆದಿದ್ದಾಗ ಗಾಳಿ ಇಳಿದ ಬಾಲೊಂದನ್ನು ಬಗಲಲ್ಲಿ ಹಿಡಿದುಕೊಂಡು ಪೀಟಿ ಟೀಚರು ಬಂದಳು. ಹಾವೇರಿ ಕಡೆಯ ಹುಡುಗಿ, ಇಲ್ಲಿಯ ಹೈಸ್ಕೂಲಿಗೆ ಬಂದು ಬಹಳ ದಿನವಾಗಿಲ್ಲ. ಊರ ಮೈದಾನದಲ್ಲಿ ವಾರಕ್ಕೆ ಎರಡು ಸಂಜೆ ಹುಡುಗಿಯರಿಗೆ ಫುಟ್‌ಬಾಲ್ ಕಲಿಸುತ್ತಾಳೆ. ಕಾನಸೂರಿನಿಂದಲೂ ಬಸ್ಸಿನಲ್ಲಿ ಮಕ್ಕಳು ಬರುತ್ತಾರೆ. ಗುಜರಿ ಅಂಗಡಿಯ ಪೈಪು ತಂದು ಬೆಸುಗೆ ಹಾಕಿಸಿ ಮೈದಾನದ ಎರಡು ತುದಿಗೂ ಗೋಲುಕಂಬ ನಿಲ್ಲಿಸಿದವಳು ಅವಳೇ. ಸುದ್ದಿ ಏನೆಂದರೆ, ಭಾನುವಾರ ಮೈದಾನದ ಕಮಿಟಿ ಸಭೆ ಇದೆ, ಆ ಕಂಬಗಳನ್ನು ಕಿತ್ತು ಕ್ರಿಕೆಟ್ಟಿನ ನೆಟ್ ಹಾಕುವ ವಿಚಾರ ಇದೆ. ದೇಶದ ತಂಡವೇ ಹೀಗೆ ಮಣ್ಣು ಮುಕ್ಕಿದ ಮೇಲೆ ಇಲ್ಲಿ ಹುಡುಗಿಯರನ್ನು ಓಡಿಸಿ ಏನು ಫಾಯಿದೆ ಎಂದು ಅಧ್ಯಕ್ಷರು ಹೇಳಿದರಂತೆ. ಕಂಬ ಹೋದರೆ ಎರಡು ಸಂಜೆಯೂ ಹೋಗುತ್ತದೆ. ಎರಡು ಸಂಜೆ ಹೋದರೆ, ಆ ಮಕ್ಕಳನ್ನು ಮನೆಯವರು ಇನ್ನೊಮ್ಮೆ ಬಸ್ಸು ಹತ್ತಿಸುವುದಿಲ್ಲ. ಅಷ್ಟು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆ ಅಧ್ಯಕ್ಷ ನನ್ನ ಮೈದುನ.

ಕೆಟ್ಟವನಲ್ಲ. ನನ್ನ ಮೊಣಕಾಲಿನ ಆಪರೇಷನ್ನಿಗೆ ಹುಬ್ಬಳ್ಳಿಗೆ ಕಾರಿನಲ್ಲಿ ಕರೆದೊಯ್ದು, ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದ್ದವನು ಅವನೇ. ಅಡಿಕೆ ಮಂಡಿಯಲ್ಲಿ ವ್ಯಾಪಾರ, ಊರಲ್ಲಿ ಮರ್ಯಾದೆ. ಆದರೆ ಅವನ ಮಟ್ಟಿಗೆ ಆಟ ಎಂದರೆ ಕ್ರಿಕೆಟ್, ಉಳಿದದ್ದೆಲ್ಲ ಓಡಾಟ. ನಾನೂ ಆ ಕಮಿಟಿಯ ಸದಸ್ಯೆ. ಯಜಮಾನರು ತೀರಿಕೊಂಡ ಮೇಲೆ ಅವರ ಜಾಗ ನನಗೆ ಕೊಟ್ಟರು. ಬಂದು ಅವಲಕ್ಕಿ ತಿಂದು, ಕೈ ಎತ್ತು ಎಂದಾಗ ಎತ್ತಿ ಹೋಗುತ್ತಾಳೆ ಎಂದು ಭಾವಿಸಿ ಕೊಟ್ಟರು. ಅದುವರೆಗೂ ನಾನು ಹಾಗೇ ಮಾಡಿದ್ದೆ ಕೂಡ.

ಹುಬ್ಬಳ್ಳಿಯ ಕಾನ್ವೆಂಟಿನ ಬೋರ್ಡಿಂಗಿನಲ್ಲಿದ್ದಾಗ ನಮಗೆ ಗೋವಾದ ಸಿಸ್ಟರೊಬ್ಬರಿದ್ದರು. ಬೆಳಿಗ್ಗೆ ಗ್ರಾಮರ್, ಸಂಜೆ ಫುಟ್‌ಬಾಲ್. ಬಿಳಿ ನಿಲುವಂಗಿಯನ್ನು ಸೊಂಟದ ಹಗ್ಗಕ್ಕೆ ಸಿಕ್ಕಿಸಿಕೊಂಡು ಓಡಿದರೆ ನಮ್ಮಲ್ಲಿ ಯಾರ ಕೈಗೂ ಸಿಗುತ್ತಿರಲಿಲ್ಲ. ಮದರ್ ಸುಪೀರಿಯರ್ ಊರಲ್ಲಿದ್ದರೆ ಆಟವಿಲ್ಲ, ಬರೀ ವಾಕಿಂಗ್. ಗೋಲು ಬಿಟ್ಟವಳು ಅಳುತ್ತ ನಿಂತರೆ ಆ ಸಿಸ್ಟರಿಗೆ ಕೋಪ ಬರುತ್ತಿತ್ತು. "ನೋ ಡ್ರಾಮಾ ಪ್ಲೀಸ್, ಫೆಚ್ ದ ಬಾಲ್," ಎನ್ನುತ್ತಿದ್ದರು. ಒಂದು ವರ್ಷ ಪ್ರೇಯರ್ ಹಾಲಿಗೆ ಜಾಗ ಬೇಕೆಂದು ಅಂಗಳದ ಅರ್ಧಕ್ಕೆ ಗೋಡೆ ಬಂತು. ಯಾರೂ ಏನೂ ಹೇಳಲಿಲ್ಲ. ನಾವು ಹೆಣ್ಣುಮಕ್ಕಳು ಅಂಥದ್ದಕ್ಕೆಲ್ಲ ಏನಾದರೂ ಹೇಳುವ ಕಾಲವಲ್ಲ ಅದು. ಸಿಸ್ಟರು ಬಾಲನ್ನು ತೊಳೆದು, ಒರೆಸಿ, ಸ್ಟೋರ್ ರೂಮಿನ ಮೇಲಿನ ಹಲಗೆಯ ಮೇಲಿಟ್ಟರು. ಒರೆಸುವಾಗ ಎಷ್ಟು ಹೊತ್ತು ತೆಗೆದುಕೊಂಡರು ಎಂಬುದು ನನಗೆ ಈಗ, ಈ ವಯಸ್ಸಿನಲ್ಲಿ, ಮತ್ತೆ ಮತ್ತೆ ಕಾಣುತ್ತದೆ. ಸ್ವೀಟ್ ಸೋಲ್. ಅವರು ಯಾವ ಊರಿನಲ್ಲಿ ಮಣ್ಣಾದರೋ.

ಭಾನುವಾರ ಮೈದುನನೇ ಕಾರು ತಂದು ನನ್ನನ್ನು ಸಭೆಗೆ ಕರೆದುಕೊಂಡು ಹೋದ. ದಾರಿಯಲ್ಲಿ ಇಬ್ಬರೂ ಆ ವಿಷಯ ತೆಗೆಯಲಿಲ್ಲ. ಮೈದಾನದ ಪಕ್ಕದ ಕೋಣೆಯಲ್ಲಿ ಐದಾರು ಜನ ಸೇರಿದ್ದೆವು. ಪೀಟಿ ಟೀಚರನ್ನೂ ಕರೆಸಿದ್ದರು. ಅವಳು ಬಾಗಿಲ ಹತ್ತಿರದ ಕುರ್ಚಿಯ ತುದಿಯಲ್ಲಿ, ಈಗ ಎದ್ದು ಹೋಗು ಎನ್ನುತ್ತಾರೆ ಎಂಬಂತೆ ಕೂತಿದ್ದಳು. ಅವಲಕ್ಕಿ, ಚಹಾ ಬಂತು. ಕಿಟಕಿಯ ಚೌಕಟ್ಟಿನ ಮೇಲೆ ಪಾರಿವಾಳವೊಂದು ಗೂಡು ಕಟ್ಟುತ್ತಿತ್ತು, ಅದರ ಮೇಲೊಂದು ಐದು ನಿಮಿಷ ಮಾತು ಹೋಯಿತು. ಆಮೇಲೆ ಮೈದುನ ಗಂಟಲು ಸರಿಮಾಡಿಕೊಂಡ. ಎಲ್ಲರೆದುರು ನನ್ನ ಮನಸ್ಸು ನೋಯಿಸಬಾರದು ಎಂದು ಮನೆಮಾತಿನಲ್ಲೇ ಶುರು ಮಾಡಿದ.

"ಅತ್ಗೆ, ನಿಂಗ ಬೇಜಾರು ಮಾಡ್ಕ್ಯಳಡಿ. ಅವು ಸೋತ. ದೇಶದ ಟೀಮಿಗೇ ಒಂದು ಗೋಲು ಹೊಡೆಯಲೆ ಆಯ್ದಿಲ್ಲೆ, ಇಲ್ಲಿ ಎಂತಕ್ಕೆ ಆ ಕಂಬ?"

ಇಷ್ಟು ವರ್ಷ ಮಕ್ಕಳಿಗೆ ಗ್ರಾಮರ್ ಕಲಿಸಿದ ಕಿವಿ ನನ್ನದು. ಅವನು ಹೇಳಿದ್ದರಲ್ಲಿ ನನಗೆ ಚುಚ್ಚಿದ್ದು ಕಂಬವಲ್ಲ, ಕ್ರಿಯಾಪದ. ನಮ್ಮ ಮನೆಮಾತಿನಲ್ಲಿ 'ಸೋತ' ಎಂದರೆ ಅವರು ಸೋತರು. 'ಸೋತ್ಯ' ಎಂದರೆ ನಾವು ಸೋತೆವು. ನಡುವೆ ಇರುವುದು ಒಂದು ಯಕಾರದ ಒತ್ತು, ಅಷ್ಟೇ. ಇದೇ ಮನುಷ್ಯ ಹಿಂದಿನ ದೀಪಾವಳಿ ಕಳೆದ ಮೇಲೆ, ಕ್ರಿಕೆಟ್ಟಿನ ಫೈನಲ್ ಕೈತಪ್ಪಿದ ದಿನ, ನಮ್ಮ ಮನೆಯ ಜಗುಲಿಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಅವತ್ತು ಮಾಡಿದ ಹೋಳಿಗೆ ಯಾರೂ ಮುಟ್ಟಿರಲಿಲ್ಲ.

"ತಮಾ," ಎಂದೆ ನಾನು, "ಕ್ರಿಕೆಟ್ ಫೈನಲ್ ಹೋದಾಗ ಎಂತ ಹೇಳಿದ್ದೆ ನೀನು?"

ಅವನು ಅವಲಕ್ಕಿ ಅಗಿಯುವುದು ನಿಲ್ಲಿಸಿದ. "ಸೋತ್ಯ ಹೇಳಿದ್ದಿ ನಾನು. ಅದು ಬೇರೆ, ಅತ್ಗೆ."

"ಎಂತ ಬೇರೆ? ಅಂಗಿ ಎರಡೂ ನೀಲಿನೇಯ."

ಯಾರೋ ನಕ್ಕರು. ಗೆದ್ದರೆ ನಮ್ಮವರು, ಸೋತರೂ ನಮ್ಮವರು ಎನ್ನುವ ಮರ್ಯಾದೆ ಒಂದೇ ಆಟಕ್ಕೆ ಮೀಸಲೇ ಎಂದು ಕೇಳಿದೆ. ನನ್ನ ಸ್ವರ ಏರಿದ್ದು ನನಗೇ ಗೊತ್ತಾಯಿತು. ಟ್ರಯಲ್ ಇಲ್ಲದೆ ಶಿಕ್ಷೆ ಕೊಡುವುದು ಯಾವ ನ್ಯಾಯ, ವಾಟ್ ಕೈಂಡ್ ಆಫ್ ಜಸ್ಟೀಸ್ ಇಸ್ ದಿಸ್, ಎಂದೂ ಹೇಳಿದೆ. ಸಿಟ್ಟು ಬಂದರೆ ನನಗೆ ಇಂಗ್ಲಿಷ್ ಬರುತ್ತದೆ, ಅದು ಕಾನ್ವೆಂಟಿನ ರೋಗ. ಆಮೇಲೆ ಬಾಗಿಲ ಬಳಿ ಕೂತಿದ್ದ ಆ ಹುಡುಗಿಯ ಕಡೆ ತಿರುಗಿ, ನೀನೂ ನಮ್ಮ ಜೊತೆ ಸೇರಿ ಹೇಳು ಎನ್ನುವ ಅರ್ಥದಲ್ಲಿ ಕೈ ಚಾಚಿ, ಗಟ್ಟಿಯಾಗಿ "ಸೋತ್ಯ," ಎಂದೆ.

ನಮ್ಮ ಮನೆಮಾತು ಘಟ್ಟದ ಈ ಮಗ್ಗುಲಿನದು. ಹಾವೇರಿಯವರ ಕಿವಿಗೆ ಅದು ಹೇಗೆ ಬೀಳುತ್ತದೆ ಎಂದು ನಾನು ಯೋಚಿಸಿರಲಿಲ್ಲ. ಅವಳ ಕಿವಿಗೆ ಬಿದ್ದದ್ದು, ನೀನು ಸೋತೆಯಾ ಎಂದು. ಅದೂ ಏಕವಚನದಲ್ಲಿ, ಎಲ್ಲರೆದುರು, ಅವಳು ತನ್ನ ಕಡೆಯವಳೆಂದು ನಂಬಿದ್ದ ಮುದುಕಿಯ ಬಾಯಿಂದ.

ಎದ್ದು ನಿಂತಳು. ಚಹಾದ ಕಪ್ಪನ್ನು ನೆಲಕ್ಕಿಟ್ಟಳು.

"ನಾ ಎಲ್ಲಿ ಸೋತೀನ್ರಿ ಅಮ್ಮಾರ? ನನ್ನ ಹುಡುಗ್ಯಾರು ಇನ್ನೂ ಒಂದ್ ಮ್ಯಾಚ್ ಸೈತ ಆಡಿಲ್ರಿ. ಆಡೂಕಿಂತ ಮೊದ್ಲ ಸೋಲಸ್ತೀರೇನ್ರಿ?"

ನನಗೆ ಏನು ತಪ್ಪಾಯಿತೆಂದು ತಿಳಿಯಲು ಎರಡು ಉಸಿರು ಬೇಕಾಯಿತು. ನನಗಿಂತ ಮೊದಲು ಅರ್ಥವಾದದ್ದು ಮೈದುನನಿಗೆ. ಹೆಣ್ಣುಮಗಳೊಬ್ಬಳು ತಮ್ಮ ಸಭೆಯಲ್ಲಿ ಅವಮಾನವಾಯಿತೆಂದು ಎದ್ದು ನಿಂತರೆ ಅವನಿಗೆ ತಡೆಯುವುದಿಲ್ಲ. ಗಾಬರಿಯಿಂದ ಅವನೂ ಎದ್ದ. ನಾಲ್ಕು ಜನಕ್ಕೆ ತಿಳಿಯುವ ಕನ್ನಡದಲ್ಲಿ ಬಿಡಿಸಿ ಹೇಳತೊಡಗಿದ.

"ಅಲ್ಲ ಟೀಚರೇ, ಅವರು ನಿಮಗೆ ಹೇಳಿದ್ದಲ್ಲ. ನಮ್ಮಲ್ಲಿ ಸೋತ್ಯ ಅಂದ್ರೆ ನಾವು ಸೋತ್ವಿ ಅಂತ. ನೀವಲ್ಲ, ನಾವು. ಸೋತಿದ್ದು ನಾವು."

"ನೀವು ಸೋತ್ರ," ಎಂದಳು ಅವಳು, ಇನ್ನೂ ನಿಂತೇ, "ನನ್ನ ಕಂಬ ಯಾಕ ಕೀಳ್ತೀರ್ರಿ?"

ಮೊದಲು ನಕ್ಕವರು ಯಾರೋ ತಿಳಿಯದು, ಆದರೆ ಕೊನೆಗೆ ನಕ್ಕವನು ಮೈದುನನೇ. ನಗುತ್ತಲೇ ನನ್ನ ಕಡೆ ನೋಡಿ ಮತ್ತೇನೋ ಹೇಳಲು ಹೊರಟ.

"ಸಾಕು ತಮಾ," ಎಂದೆ, "ಎಲ್ಲರಿಗೂ ಅರ್ಥ ಆತು."

ಕಾರ್ಯದರ್ಶಿಗಳು, ಅವರಿಗೆ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು, ಈ ವಿಷಯ ಮುಂದಿನ ಸಭೆಗೆ ಹೋಗಲಿ ಎಂದರು. ಟೀಚರು ಸೋತ ಮುಖ ಮಾಡಿಕೊಂಡು ಹೊರಟಳು. ಅವಳಿಗೆ ನಮ್ಮ ಕಮಿಟಿಗಳ ಪರಿಚಯವಿಲ್ಲ. ನಮ್ಮಲ್ಲಿ ಮುಂದಿನ ಸಭೆಗೆ ಹೋದದ್ದು ಯಾವುದೂ ತಿರುಗಿ ಬಂದದ್ದಿಲ್ಲ. ಮೈದಾನಕ್ಕೆ ಕಾಂಪೌಂಡ್ ಕಟ್ಟುವ ವಿಷಯ ನಾನು ಸೊಸೆಯಾಗಿ ಬರುವ ಮೊದಲೇ ಮುಂದಿನ ಸಭೆಗೆ ಹೋಗಿತ್ತು, ಇವತ್ತಿಗೂ ದನಗಳು ಸಲೀಸಾಗಿ ಬಂದು ಹೋಗುತ್ತಿವೆ. ಕಂಬ ಇರಲಿ ಎಂದು ಯಾರೂ ತೀರ್ಮಾನ ಮಾಡಲಿಲ್ಲ. ಕೀಳಿ ಎಂದೂ ಮಾಡಲಿಲ್ಲ. ಇಟ್ ವಾಸ್ ಎನಫ್. ಹೊರಗೆ ಅವಳ ಕೈ ಹಿಡಿದು ಮೆಟ್ಟಿಲಿಳಿಯುತ್ತ ಇದನ್ನೆಲ್ಲ ವಿವರಿಸಿದೆ, ಏಕವಚನ ಬಹುವಚನ ಸಮೇತ. ಅವಳು ಪೂರ್ತಿ ನಂಬಲಿಲ್ಲ. ಮಂಗಳವಾರ ಸಂಜೆ ಕಂಬ ಅಲ್ಲೇ ನಿಂತದ್ದನ್ನು ಕಣ್ಣಾರೆ ನೋಡಿದ ಮೇಲೆ ನಂಬಿದಳು.

ಟಯರ್ ಅಂಗಡಿಯಲ್ಲಿ ನಮ್ಮ ವಾದ ಮುಗಿಯಲಿಲ್ಲ. ಮ್ಯಾನೇಜರು ಮುಂದಿನ ಸಲ ಇಂಥ ಕೋಚ್ ಬರಬೇಕೆಂದು ಒಬ್ಬನನ್ನು ಆರಿಸಿಯೂ ಬಿಟ್ಟರು, ಆ ಪುಣ್ಯಾತ್ಮನಿಗೆ ಸಿದ್ದಾಪುರ ಎಲ್ಲಿದೆ ಎಂದೇ ಗೊತ್ತಿರಲಾರದು. ಸಾಹೇಬರು ಹುಡುಗಿಯರ ಬಾಲುಗಳಿಗೆ ಪಂಪು ಹೊಡೆದು ಕೊಡುತ್ತಿದ್ದರು. ಇಷ್ಟು ಮೆತ್ತಗಿದ್ದರೆ ಗೋಲಲ್ಲ, ಮುದ್ದೆ ಆಗ್ತದೆ ಎಂದು ಅವರಿಗೆ ಗದರುತ್ತಿದ್ದರು.

ಮಾರ್ಚಿನಲ್ಲಿ ಹುಡುಗಿಯರ ಮೊದಲ ಮ್ಯಾಚು ಯಲ್ಲಾಪುರದ ಶಾಲೆಯೊಂದರ ಜೊತೆ, ಅವರದೇ ಮೈದಾನದಲ್ಲಿ. ಮೈದುನನ ಕಾರಿನಲ್ಲಿ ಹೋದೆವು. ಕ್ರಿಕೆಟ್ ಇಲ್ಲದ ಭಾನುವಾರ, ಸುಮ್ಮನೆ ಮಾಗೋಡು ಫಾಲ್ಸ್ ನೋಡಿ ಬರೋಣ ಎಂದು ಹೊರಟದ್ದು ಎಂದು ಅವನು ಈಗಲೂ ಹೇಳುತ್ತಾನೆ. ಫಾಲ್ಸ್ ಕಡೆ ಕಾರು ತಿರುಗಲೇ ಇಲ್ಲ. ಯಲ್ಲಾಪುರದವರು ಅರ್ಧ ಆಟದೊಳಗೇ ಒಂದು ಗೋಲು ಹೊಡೆದರು. ನಮ್ಮ ಗೋಲ್‌ಕೀಪರ್, ಮನ್ಮನೆಯಿಂದ ಬರುವ ತೆಳ್ಳನೆ ಹುಡುಗಿ, ಮಣ್ಣು ಕೊಡವಿಕೊಂಡು ಎದ್ದಳು.

ಆಟ ಮುಗಿಯಲು ಸ್ವಲ್ಪ ಇರುವಾಗ, ಬಲಗಡೆಯಿಂದ ಒಂದು ಪಾಸ್ ಬಂತು. ಎಂಥ ಪಾಸ್! ಇಡೀ ಟೂರ್ನಮೆಂಟಿನಲ್ಲಿ ನಾನು ಕಾದದ್ದು ಅದನ್ನೇ. ಕಾನಸೂರಿನ ಗಿಡ್ಡ ಹುಡುಗಿ ಅದನ್ನು ಎಡಗಾಲಿನಲ್ಲಿ ಒಳಗೆ ತಳ್ಳಿದಳು. ನೆಟ್ ಇರಲಿಲ್ಲ, ಬಾಲು ಕಂಬಗಳ ನಡುವೆ ಹಾದು ಹಿಂದಿನ ಲಂಟಾನದ ಪೊದೆಗೆ ಹೋಗಿ ಬಿತ್ತು. ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದರು. ರೆಫ್ರಿ ಪೀಪಿ ಊದಿ, ಕೈ ಎತ್ತಿ, ಆಫ್‌ಸೈಡ್ ಎಂದ. ಸೋಲು ಸೋಲಾಗಿಯೇ ಉಳಿಯಿತು.

ನಾನು ಕುರ್ಚಿ ಬಿಟ್ಟು, ಕೋಲು ಊರಿಕೊಂಡು ಗೆರೆಯವರೆಗೆ ಹೋದೆ. ರೆಫ್ರಿಗೆ ಇಂಗ್ಲಿಷಿನಲ್ಲಿ ಹೇಳಿದೆ, ಕನ್ನಡದಲ್ಲಿ ಹೇಳಿದೆ. ಅಜ್ಜೀ, ಕೂತ್ಕೊಳ್ಳಿ, ಬಿಸಿಲಿದೆ ಎಂದ. ಮೈದುನ ನನ್ನನ್ನು ಕರೆದೊಯ್ಯಲು ಬಂದವನು, ಬಂದು ಪಕ್ಕದಲ್ಲಿ ನಿಂತು, ಅವನೂ ಶುರು ಮಾಡಿದ. ಇಬ್ಬರನ್ನೂ ಟೀಚರು ಎಳೆದುಕೊಂಡು ಬರಬೇಕಾಯಿತು.

ಅದು ಆಫ್‌ಸೈಡ್ ಅಲ್ಲ. ನಾನು ಸರಿಯಾಗಿ ಅದೇ ನೇರಕ್ಕೆ ಕೂತಿದ್ದೆ, ಕಣ್ಣಿನ ಪೊರೆ ತೆಗೆಸಿಯೂ ಆಗಿತ್ತು. ಗೋಲ್‌ಕೀಪರನ್ನು ಬಿಟ್ಟು ಅವರ ಕೊನೆಯ ಹುಡುಗಿ ಇನ್ನೂ ನಮ್ಮವಳಿಗಿಂತ ಕಂಬದ ಹತ್ತಿರವೇ ಇದ್ದಳು, ಅವಳ ರಿಬ್ಬನ್ನಿನ ಬಣ್ಣ ಕೂಡ ಹೇಳಬಲ್ಲೆ. ಯಾರು ಬೇಕಾದರೂ ಬಂದು ಕೇಳಲಿ.