ಆರೂವರೆಯ ರೀಸ್ಟಾರ್ಟ್

ವಾಯುಪಡೆಯ ಸಂಪರ್ಕ ವಿಭಾಗದಿಂದ ನಿವೃತ್ತನಾದ ಮೇಲೆ ಗಂಗಾನಗರದ ಒಂದು ಸಣ್ಣ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ ಹಿಡಿದೆ. ಯಲಹಂಕದಿಂದ ಮೊದಲ ಬಸ್ಸು. ಆರೂವರೆಗೆ ಸರ್ವರ್ ರೀಸ್ಟಾರ್ಟ್, ಆಮೇಲೆ ರಿಜಿಸ್ಟರಿನಲ್ಲಿ ಸಮಯ, ಸಹಿ. ಹೀಗೆ ಮಾಡಬೇಕೆಂದು ಯಾರೂ ಹೇಳಿರಲಿಲ್ಲ. ಯಂತ್ರಕ್ಕೂ ಹಾಜರಿ ಇರಬೇಕೆಂಬುದು ನನ್ನ ನಂಬಿಕೆ. ಅದಕ್ಕೆಂದೇ ಒಂದು ಚಿಕ್ಕ ಪ್ರೋಗ್ರಾಂ ಬರೆದಿದ್ದೆ. ಸರ್ವರು ನಿಮಿಷಕ್ಕೊಮ್ಮೆ ಲ್ಯಾಬಿನ ಪ್ರತಿ ಯಂತ್ರವನ್ನೂ ‘ಇದ್ದೀಯಾ?’ ಎಂದು ವಿಚಾರಿಸುತ್ತಿತ್ತು.

ಅದೇ ತಿಂಗಳು ನೆಟ್‌ವರ್ಕ್ ನಿಲ್ಲತೊಡಗಿತು. ದಿನವೂ ಹನ್ನೊಂದೂವರೆಯ ಸುಮಾರಿಗೆ. ರಿಪೋರ್ಟುಗಳು ಪ್ರಿಂಟ್ ಆಗುತ್ತಿರಲಿಲ್ಲ, ಸಕ್ಕರೆ ಪರೀಕ್ಷೆಗೆ ಎರಡನೇ ಬಾರಿ ರಕ್ತ ಕೊಡಲು ಬಂದವರು ಬೆಂಚಿನಲ್ಲಿ ಕಾಯುತ್ತಿದ್ದರು. ರೀಸ್ಟಾರ್ಟ್ ಮಾಡಿದರೆ ನಾಲ್ಕಕ್ಕೆ ಲ್ಯಾಬ್ ಮುಚ್ಚುವವರೆಗೆ ತೊಂದರೆಯಿರಲಿಲ್ಲ. ಸರ್ವರಿನ ಪರದೆ ಸರಿಯಾಗಿಯೇ ಓಡುತ್ತಿದ್ದುದರಿಂದ, ತಪ್ಪು ಹೊರಗಿನವರದೇ ಎಂದು ತೀರ್ಮಾನಿಸಿದೆ. ಕೌಂಟರಿನ ಹೆಂಗಸು ಹನ್ನೊಂದಕ್ಕೆ ತಿಂಡಿ ತಿನ್ನುತ್ತಾ ಮಗಳೊಂದಿಗೆ ಉರ್ದುವಿನಲ್ಲಿ ವಿಡಿಯೋ ಕಾಲ್ ಮಾಡುತ್ತಿದ್ದರು. ನನಗೆ ಅಷ್ಟೇ ಸಾಕಾಯಿತು.

ಆ ಕರೆಯಿಂದಲೇ ನೆಟ್‌ವರ್ಕ್ ನಿಲ್ಲುತ್ತಿದೆಯೆಂದು ಲ್ಯಾಬಿನ ಮಾಲೀಕರಾದ ಡಾಕ್ಟರಿಗೆ ಹೇಳಿದೆ. ಆಕೆಗೆ ಕೊಡುವ ಎಚ್ಚರಿಕೆ ಪತ್ರದ ಕರಡನ್ನೂ ನಾನೇ ಬರೆದುಕೊಟ್ಟೆ: ಇನ್ನೊಮ್ಮೆ ಹೀಗಾದರೆ ಕೆಲಸ ಬಿಡಬೇಕು. ಬೆಳಗ್ಗೆ ಬಂದೊಡನೆ ಫೋನನ್ನು ನನ್ನ ಡ್ರಾಯರಿನಲ್ಲಿ ಇಡಬೇಕೆಂಬ ಸಾಲೂ ನನ್ನದೇ.

ಮರುದಿನ ಅವರ ಫೋನು ಡ್ರಾಯರಿನಲ್ಲಿತ್ತು. ಆದರೂ ನೆಟ್‌ವರ್ಕ್ ನಿಂತಿತು. ನಾನು ಎದ್ದು ಹೋಗಿ, “ಇನ್ನೊಂದು ಫೋನ್ ಇದೆಯೇನಮ್ಮಾ?” ಎಂದು ಕೇಳಿದೆ.

“ಚೆಕ್ ಮಾಡ್ಕೊಳ್ಳಿ ಸರ್. ಟಿಫನ್ ಬಾಕ್ಸೂ ತೆಗೀಲಾ?” ಎಂದರು. ಬೆಂಚಿನಲ್ಲಿದ್ದ ಒಬ್ಬರು ನಕ್ಕರು. ಆಕೆ ನಗಲಿಲ್ಲ. “ಹೋದ ವಾರ ನಾನ್ ರಜೆ ಹಾಕಿದ್ ದಿನಾನೂ ನಿಂತಿತ್ತಂತಲ್ಲ. ನಿಮ್ ಬುಕ್ಕಲ್ಲೇ ಇರುತ್ತೆ, ನೋಡಿ.”

ಅವರೆದುರೇ ರಿಜಿಸ್ಟರ್ ತೆರೆದೆ. ಅವರ ರಜೆಯ ದಿನ ನಾನು ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಸಿಕ್ಕಿ ಎಂಟಕ್ಕೆ ರೀಸ್ಟಾರ್ಟ್ ಮಾಡಿದ್ದೆ; ನಿಂತಿದ್ದು ಒಂದಕ್ಕೆ. ಉಳಿದ ದಿನಗಳಲ್ಲಿ ಆರೂವರೆ, ಹನ್ನೊಂದೂವರೆ. ಎಲ್ಲ ಸಾಲಿನಲ್ಲೂ ಐದು ಗಂಟೆಯ ಅಂತರ. ನನ್ನದೇ ದುಂಡನೆಯ ಅಕ್ಷರ.

ಆಗ ರೀಸ್ಟಾರ್ಟ್ ಮಾಡದೆ ಸರ್ವರಿನ ಬಫರುಗಳ ಸ್ಥಿತಿ ನೋಡಿದೆ. ನೆಟ್‌ವರ್ಕಿನಿಂದ ಬಂದ ಮಾಹಿತಿ, ಅದು ಬೇಕಾದ ಪ್ರೋಗ್ರಾಂ ಎತ್ತಿಕೊಳ್ಳುವವರೆಗೆ ಕಾಯುವ ಜಾಗವೇ ಬಫರ್. ಆಪರೇಟಿಂಗ್ ಸಿಸ್ಟಂ ಅದಕ್ಕೆಂದು ಇಂತಿಷ್ಟೇ ಜಾಗ ಇಟ್ಟಿರುತ್ತದೆ. ಅಷ್ಟೂ ತುಂಬಿಹೋಗಿತ್ತು. ತುಂಬಿಸಿದ್ದು ನನ್ನ ಹಾಜರಿ ಪ್ರೋಗ್ರಾಂ. ಅದು ಕೇಳುತ್ತಿತ್ತು, ಯಂತ್ರಗಳು ಉತ್ತರ ಕೊಡುತ್ತಿದ್ದವು. ಆ ಉತ್ತರವನ್ನು ಓದುವ, ಓದಿ ಸಂಪರ್ಕ ಮುಚ್ಚುವ ಸಾಲುಗಳನ್ನು ನಾನು ಬರೆದೇ ಇರಲಿಲ್ಲ. ಯಾರೂ ಎತ್ತಿಕೊಳ್ಳದ ಉತ್ತರಗಳು ಐದು ಗಂಟೆಯಲ್ಲಿ ಜಾಗವನ್ನೆಲ್ಲ ತಿನ್ನುತ್ತಿದ್ದವು. ನಾನು ದಿನವೂ ರೀಸ್ಟಾರ್ಟ್ ಮಾಡಿ ಆ ಗುರುತನ್ನೂ ಅಳಿಸುತ್ತಿದ್ದೆ.

ಎರಡು ಸಾಲು ಸೇರಿಸಿದೆ. ಮರುದಿನ ನೆಟ್‌ವರ್ಕ್ ನಿಲ್ಲಲಿಲ್ಲ. ಮಧ್ಯಾಹ್ನ ಡಾಕ್ಟರು ಕೌಂಟರಿನ ಬಳಿಯೇ ನಿಂತು, “ನೋಡಿದ್ರಾ ಸರ್, ಲೆಟರ್ ಕೊಟ್ಟಿದ್ದೇ ತಡ, ಹೆಂಗ್ ಸರಿಹೋಯ್ತು” ಎಂದರು.

“ಹೌದು ಡಾಕ್ಟ್ರೇ” ಎಂದೆ.

ಪ್ರೋಗ್ರಾಂ ತಪ್ಪಾದದ್ದು ಅಜಾಗರೂಕತೆ. ಈ ‘ಹೌದು’ ಹಾಗಲ್ಲ. ಆಕೆ ತಲೆಯೆತ್ತದೆ ಟ್ಯೂಬುಗಳಿಗೆ ಚೀಟಿ ಅಂಟಿಸುತ್ತಿದ್ದರು. ಎರಡು ದಿನ ನಾನು ಬಾಯಿ ಬಿಡಲಿಲ್ಲ. ಆ ಪತ್ರ ಫೈಲಿನಲ್ಲಿರುವವರೆಗೆ ಲ್ಯಾಬಿನಲ್ಲಿ ಏನು ಕೆಟ್ಟರೂ ಅವರ ಕೆಲಸಕ್ಕೇ ಕುತ್ತು ಎಂಬುದು ಗೊತ್ತಿದ್ದೂ ಬಿಡಲಿಲ್ಲ. ಮೂರನೆಯ ದಿನ ರಿಜಿಸ್ಟರನ್ನು ಒಯ್ದು ಡಾಕ್ಟರ ಮುಂದಿಟ್ಟು, ನನ್ನ ಪ್ರೋಗ್ರಾಂ ಮಾಡಿದ್ದನ್ನು ಹೇಳಿದೆ. ಅವರು ಓದಿದರು, ಫೈಲಿನಿಂದ ಪತ್ರ ತೆಗೆದು ಹರಿದರು.

ಕೌಂಟರಿಗೆ ಬಂದು, “ತಪ್ಪು ನಂದೇ ಕಣಮ್ಮಾ” ಎಂದೆ.

“ಗೊತ್ತು ಸರ್. ಅವತ್ತು ಬುಕ್ ಓದ್ತಿದ್ದಾಗ್ಲೇ ನಿಮ್ ಮುಖ ನೋಡ್ದೆ.”

ಮರುದಿನ ಬೆಳಗ್ಗೆಯೂ ಅವರು ಫೋನನ್ನು ತಂದು ಡ್ರಾಯರಿನಲ್ಲಿಟ್ಟರು. ಇನ್ನು ಬೇಡಮ್ಮಾ ಎಂದೆ.

“ಇರ್ಲಿ ಸರ್. ನಾಳೆ ಇನ್ನೇನಾದ್ರೂ ನಿಂತ್ರೆ?”

ಇಂದಿಗೂ ಅಲ್ಲೇ ಇಡುತ್ತಾರೆ. ಹನ್ನೊಂದಕ್ಕೆ ಮಗಳ ಕರೆ ಬಂದಾಗ ಡ್ರಾಯರ್ ಗುರ್ರೆನ್ನುತ್ತದೆ. ನಾನು ಎದ್ದು ಫೋನನ್ನು ಒಯ್ದು ಅವರ ಕೈಗೆ ಕೊಡುತ್ತೇನೆ. ಅವರು ಮಾತಾಡಿ ಮುಗಿಸಿ, ಅದನ್ನು ಮತ್ತೆ ತಂದು ಒಳಗಿಡುತ್ತಾರೆ.