ಹೋರಿಯ ಕಣ್ಣು

ಬೇಸಿಗೆಯಲ್ಲಿ ದನದ ಫೋಟೋ ತೆಗೆಯಲು ಬೆಳಗಿನ ಹೊತ್ತೇ ಸರಿ. ಬಿಸಿಲು ನೆತ್ತಿಗೆ ಬಂದರೆ ಬಿಳಿ ಎತ್ತು ಸುಣ್ಣದ ಗೋಡೆಯಾಗುತ್ತದೆ, ಕರಿ ಎತ್ತು ಗವಿಯಾಗುತ್ತದೆ. ಆ ದಿನ ಹಿರೋಳ್ಳಿ ಕಡೆಯ ಬಸ್ಸು ದಾರಿಯಲ್ಲಿ ಕೆಟ್ಟು, ನಾನು ಆ ಊರು ಮುಟ್ಟುವಾಗ ನಡು ಮಧ್ಯಾಹ್ನವಾಗಿತ್ತು.

ಕರೆಸಿದ್ದವನು ಒಕ್ಕಲುತನದ ಮನೆಯ ಒಬ್ಬನೇ ಮಗ. ಕರುವಿನಿಂದ ತಾನೇ ಸಾಕಿದ ಕರಿ ಹೋರಿಯ ಜೊತೆ ಅವನಿಗೊಂದು ಫೋಟೋ ಬೇಕಿತ್ತು. ಕರಿಮಣ್ಣಿನ ಎರಿ ಹೊಲ ಬಿರುಕು ಬಿಟ್ಟಿತ್ತು, ನೆರಳಿಗೆ ಒಂದು ಗಿಡವೂ ಇರಲಿಲ್ಲ. ಅವನು ಹೋರಿಯ ಕೊರಳಿಗೆ ಕೈ ಹಾಕಿ ನಿಂತ.

"ಇವನ ಮಾರಿ ಚೆಂದ ಬರ್ಬೇಕ್ರಿ. ನಂದು ಯಾರು ನೋಡ್ತಾರ?"

"ನಿನ್ನ ನೋಡಾಕ ಬೀಗರು ಬರೋರದಾರ, ಬಾಯಿ ಮುಚ್ಚಿ ನಿಂದ್ರು," ಎಂದಳು ಬದುವಿನ ಮೇಲೆ ನಿಂತಿದ್ದ ತಾಯಿ.

"ಹೋರಿ ನೋಡೇ ಹೆಣ್ಣು ಕೊಡ್ತಾರ ಬೇ!"

ಒಂದೇ ಸಲ ಕ್ಯಾಮೆರಾದ ಗುಂಡಿ ಒತ್ತಿದೆ.

ಪ್ರಿಂಟು ಕೊಟ್ಟ ಸ್ವಲ್ಪ ದಿನಕ್ಕೆ ಆ ಹೋರಿ ಕೊಟ್ಟಿಗೆಯಲ್ಲಿ ಅವನನ್ನು ತಿವಿಯಿತು. ಅವನು ಉಳಿಯಲಿಲ್ಲ. ಹೇಗಾಯಿತೆಂದು ನೋಡಿದವರು ಯಾರೂ ಇರಲಿಲ್ಲ.

ಆಮೇಲೆ ತಂದೆತಾಯಿ ಆಳಂದದ ನನ್ನ ಸ್ಟುಡಿಯೋಕ್ಕೆ ಬಂದರು.

"ಹೋರಿ ಸಂತಿಗೆ ಹೊಡ್ಕೊಂಡು ಹೋಗ್ತೀನಿ ಅಂತೀನಿ, ಈಕಿ ಬಿಡವಲ್ಲಳು," ಎಂದ ತಂದೆ. ಮನುಷ್ಯನನ್ನು ಕೊಂದ ಹೋರಿಯನ್ನು ಒಕ್ಕಲುತನದವರು ಕೊಳ್ಳುವುದಿಲ್ಲ. ಸಂತೆಯಲ್ಲಿ ಅದನ್ನು ಕೊಳ್ಳುವವರು ಯಾತಕ್ಕೆ ಕೊಳ್ಳುತ್ತಾರೆಂದು ಮೂವರಿಗೂ ಗೊತ್ತಿತ್ತು. ಬಸವಣ್ಣನೆಂದು ಅದರ ಹಣೆಗೆ ವಿಭೂತಿ ಹಚ್ಚಿದ ಮನೆಯದು.

ತಾಯಿ ಫೋಟೋ ಮೇಜಿನ ಮೇಲಿಟ್ಟಳು. "ಇದರ ಕಣ್ಣು ದೊಡ್ಡದು ಮಾಡಿ ತೋರಸ್ರಿ. ಆಗಲೇ ಮನಸಿನ್ಯಾಗ ಹಗಿ ಇತ್ತಂದ್ರ ಇವರು ಹೊಡ್ಕೊಂಡು ಹೋಗ್ಲಿ. ಇರಲಿಲ್ಲಂದ್ರ ನನ್ನ ಮನ್ಯಾಗೇ ಸಾಯ್ಲಿ."

ಅವರನ್ನು ಕೂರಿಸಿ ಕತ್ತಲೆಕೋಣೆಗೆ ಹೋದೆ. ನೆಗೆಟಿವ್‌ನಲ್ಲಿ ಕಣ್ಣಿನ ಜಾಗ ಗಾಜಿನಷ್ಟು ತಿಳಿಯಾಗಿತ್ತು. ಹುಬ್ಬಿನೆಲುಬಿನ ನೆರಳಿನಲ್ಲಿ ಫಿಲ್ಮಿಗೆ ಏನೂ ಸಿಕ್ಕಿರಲಿಲ್ಲ. ಇಬ್ಬರ ಮುಖವೂ ಬರುವಂತೆ ದೊಡ್ಡದು ಮಾಡಿದ ಪ್ರಿಂಟಿನಲ್ಲೂ ಅಲ್ಲಿ ಬರೀ ಕಪ್ಪು. ಅಂಥ ಕಣ್ಣಿಗೆ ಸಣ್ಣ ಕುಂಚದಿಂದ ಒಂದು ಬಿಳಿ ಚುಕ್ಕೆ ಇಡುವುದು ನಮ್ಮ ಕಸುಬಿನ ರೂಢಿ, ಜೀವ ಬಂದಂತೆ ಕಾಣುತ್ತದೆ. ಕುಂಚ ಒದ್ದೆ ಮಾಡಿಕೊಂಡೆ. ಚುಕ್ಕೆ ನಡುವೆ ಬಿದ್ದರೆ ಸಾಧು ಪ್ರಾಣಿ, ಅಂಚಿಗೆ ಬಿದ್ದರೆ ಕೆರಳಿದ್ದು. ಕುಂಚ ತೊಳೆದಿಟ್ಟು, ಪ್ರಿಂಟನ್ನು ಇದ್ದಂತೆಯೇ ಕೊಟ್ಟೆ.

ಅವಳು ಅದನ್ನು ಬಾಗಿಲಿನ ಬೆಳಕಿಗೆ ಹಿಡಿದಳು.

"ಏನೂ ಕಾಣವಲ್ದು."

"ಬಿಸಿಲು ಭಾಳ ಇತ್ತವ್ವಾ. ಕ್ಯಾಮೆರಾಕ್ಕೂ ಕಾಣಲಿಲ್ಲ."

ಅವಳ ಬೆರಳು ಮಗನ ಮುಖಕ್ಕೆ ಸರಿಯಿತು. "ಇವನ ಹಣಿ ನೋಡ್ರಿ. ಒಂದು ಗೆರಿ ಇಲ್ಲ. ಅದರ ಮನಸು ಇವನಿಗೆ ಗೊತ್ತಿರಲಿಲ್ಲೇನು? ಅಂಜಿಕಿ ಇದ್ರ ಹಿಂಗ ನಿಂದರ್ತಿದ್ದನೇನು?"

ತಂದೆ ಎದ್ದು ಚಪ್ಪಲಿ ಮೆಟ್ಟಿದ. ನಾನು ಪ್ರಿಂಟಿಗೆ ಕಾಗದ ಸುತ್ತಿಕೊಟ್ಟೆ. ಹೋರಿ ಸಂತೆಗೆ ಹೋಗಲಿಲ್ಲ.

ಆ ಹಣೆ ನಾನು ತಿದ್ದಿದ್ದು. ಅದನ್ನು ಅವರಿಗೆ ಹೇಳಲಿಲ್ಲ. ಅವನ ಎರಡೂ ಹುಬ್ಬು ಗಂಟಿಕ್ಕಿದ್ದವು, ನಡುವೆ ಆಳವಾದ ಗೆರೆಯಿತ್ತು. ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ, ಮೊದಲ ಪ್ರಿಂಟಿಗೆ ಮುಂಚೆಯೇ ಅದನ್ನು ಅಳಿಸಿದ್ದೆ. ಬಿಸಿಲಿಗೆ ಎಲ್ಲರ ಹುಬ್ಬೂ ಗಂಟಿಕ್ಕುತ್ತವೆ, ಎಲ್ಲರದನ್ನೂ ಅಳಿಸುತ್ತಿದ್ದೆ. ಅವನದೂ ಬಿಸಿಲಿನ ಗಂಟೇ ಇರಬಹುದು. ಆಮೇಲೆ ನೆಗೆಟಿವ್ ಮೇಲಿನ ಪೆನ್ಸಿಲ್ ಗುರುತು ಒರೆಸಿ ಹಲವು ಸಲ ನೋಡಿದ್ದೇನೆ. ಗೆರೆ ಕಾಣುತ್ತದೆ, ಕಾರಣ ಕಾಣುವುದಿಲ್ಲ.

ಮುಂದೊಮ್ಮೆ ಮದುವೆಯ ಕೆಲಸಕ್ಕೆ ಆ ಊರಿಗೆ ಹೋದಾಗ ಅವರ ಮನೆಗೂ ಹೋದೆ. ತಾಯಿ ಕೊಟ್ಟಿಗೆಯಲ್ಲಿದ್ದಳು. "ಬರ್ರಿ, ಒಳಗ ಬರ್ರಿ. ಅದೇನೂ ಮಾಡಂಗಿಲ್ಲ," ಎಂದು ಕರೆದಳು. ನಾನು ಹೊಸ್ತಿಲಾಚೆಯೇ ನಿಂತೆ. ಅವಳು ಕೊಂಬುಗಳ ಕೆಳಗೆ ಬಗ್ಗಿ, ಅವಸರವಿಲ್ಲದೆ ಜೋಳದ ಕಣಿಕಿಯ ಮೇವು ಹರಡಿದಳು. ಅವಳು ಹೊರಗೆ ಬರುವವರೆಗೂ ನಾನು, ಎಲ್ಲಿ ನುಗ್ಗೀತೋ ಎಂದು, ಹೋರಿಯ ಕಾಲುಗಳನ್ನೇ ನೋಡುತ್ತಿದ್ದೆ.