ಗಂಗಾಂಬಿಕೆ ಟೀಚರ್ ಎಣಿಕೆ

ಗಂಗಾಂಬಿಕೆ ಟೀಚರ್ ಮಕ್ಕಳನ್ನು ಹೆಸರು ಕೂಗಿ ಎಣಿಸುತ್ತಿರಲಿಲ್ಲ, ತಲೆ ಮುಟ್ಟಿ ಎಣಿಸುತ್ತಿದ್ದರು. ಸಾಲಾಗಿ ನಿಂತ ಮಕ್ಕಳ ನೆತ್ತಿಯ ಮೇಲೆ ಬಲಗೈ ಇಡುವುದು, ಒಂದು ಕ್ಷಣ ತಡೆಯುವುದು, ಮುಂದಿನ ತಲೆಗೆ ಹೋಗುವುದು. ಎಣ್ಣೆ ಸುರಿಯುವ ತಲೆ, ಹೇನಿನ ತಲೆ, ಹರಕೆಗೆ ಬೋಳಿಸಿಕೊಂಡ ತಲೆ, ಯಾವುದಕ್ಕೂ ಭೇದವಿಲ್ಲ. ನಾನು ಆ ಶಾಲೆಗೆ ಹೋದ ಮೊದಲ ಶನಿವಾರ ಅಲ್ಲಿದ್ದದ್ದು ಒಂಬತ್ತು ಮಕ್ಕಳು. ಟೀಚರ ಕೈ ಇಳಿದದ್ದು ಹತ್ತು ಸಲ. ಏಳನೆಯ ಮತ್ತು ಎಂಟನೆಯ ಮಗುವಿನ ನಡುವೆ ಇನ್ನೊಬ್ಬರು ನಿಲ್ಲುವಷ್ಟು ಜಾಗ ಬಿಟ್ಟಿತ್ತು. ಅಲ್ಲಿ, ನನ್ನ ಸೊಂಟಕ್ಕಿಂತ ತುಸು ಮೇಲೆ, ಅವರ ಅಂಗೈ ಬರಿಗಾಳಿಯ ಮೇಲೆ ಮೆತ್ತಗೆ ಕೂತು ಎದ್ದಿತು.

ಕನ್ನಡಕದ ನಂಬರ್ ಬದಲಾಗಿರಬೇಕು ಅಂದುಕೊಂಡೆ. ನಾನು ತುಮಕೂರಿನ ಕಾನ್ವೆಂಟಿನಲ್ಲಿ ಓದಿದವಳು. ಸೂಪರ್‌ಸ್ಟಿಷನ್ ಈಸ್ ಎ ಸಿನ್ ಎಂದು ಸಿಸ್ಟರುಗಳು ಬೆರಳ ಗೆಣ್ಣಿನ ಮೇಲೆ ಸ್ಕೇಲಿನಿಂದ ಹೊಡೆದು ಕಲಿಸಿದ್ದರು. ಎಪ್ಪತ್ತು ದಾಟಿದ ಮೇಲೆ ಮನೆಯಲ್ಲಿ ಕೂತು ಪೇಪರಿನ ಸುಡೊಕು ತುಂಬುವುದು ಬೇಸರವಾಗಿ, ಗುಬ್ಬಿ ಕಡೆಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ಶನಿವಾರಗಳಂದು ಇಂಗ್ಲಿಷ್ ಹೇಳಿಕೊಡಲು ಹೋಗತೊಡಗಿದ್ದೆ. ಬೆಳಗಿನ ಬಸ್ಸಿನಲ್ಲಿ ಗುಬ್ಬಿ, ಅಲ್ಲಿಂದ ಆಟೋದಲ್ಲಿ ಕಾಲು ಗಂಟೆ. ಊರಿನ ಹೆಸರು ಬೇಡ. ಒಂದೇ ರೂಮು, ಒಂದರಿಂದ ಐದರವರೆಗೆ ಐದು ಕ್ಲಾಸು, ಒಬ್ಬರೇ ಟೀಚರ್.

ಬೆಳ್ಳಾವಿ ಕಡೆಯವರು ಅವರು, ಗುಬ್ಬಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡು ಒಬ್ಬರೇ ಇದ್ದರು. ಐವತ್ತೈದರ ವಯಸ್ಸು, ಹಣೆಯಲ್ಲಿ ಮೂರು ಗೆರೆ ವಿಭೂತಿ, ಸೆರಗಿಗೆ ಎರಡು ಪಿನ್ನು. ವಾರಕ್ಕೊಂದು ಕ್ರಮವಿತ್ತು. ಸೋಮವಾರ ಕಥೆ. ಮಂಗಳವಾರ ಅಳತೆ, ಅಂದರೆ ದಾರ ಹಿಡಿದು ಬೆಂಚು, ಬಾಗಿಲು, ಒಬ್ಬರ ಮೂಗು ಇನ್ನೊಬ್ಬರು ಅಳೆಯುವುದು. ಬುಧವಾರ ಎಲೆ, ಬೀಜ, ಕಲ್ಲು. ಗುರುವಾರ ಮಗ್ಗಿ, ಶುಕ್ರವಾರ ಜೇಡಿಮಣ್ಣು. ವಾರವಿಡೀ ಬರೆದದ್ದು, ಬಿಡಿಸಿದ್ದು ಎಲ್ಲ ಸೂರಿನ ಕೆಳಗೆ ಕಟ್ಟಿದ ದಾರಗಳಿಗೆ ನೇತಾಡುತ್ತಿತ್ತು. ಶನಿವಾರ ಅವನ್ನೆಲ್ಲ ಇಳಿಸಿ, ಒಬ್ಬೊಬ್ಬರಾಗಿ ಎದ್ದು ನಿಂತು ಈ ವಾರ ನಾನೇನು ಕಲಿತೆ ಅಂತ ಹೇಳುವುದು.

ನಾನು ಮಕ್ಕಳಿಗೆ ಮೊದಲು ಕಲಿಸಿದ್ದು ‘ಮೇ ಐ ಕಮ್ ಇನ್’. ಟೀಚರ್ ನಕ್ಕರು.

“ನಮ್ ಬಾಗ್ಲು ಹಾಕೋದೇ ಇಲ್ಲ ಮಿಸ್. ಯಾಕೆ ಪರ್ಮಿಷನ್ನು?”

ನಿಜ, ಆ ಬಾಗಿಲು ಮುಚ್ಚಿದ್ದನ್ನು ನಾನು ನೋಡಿಲ್ಲ. ಆಷಾಢದ ಗಾಳಿಗೆ ಕಾಗದಗಳೆಲ್ಲ ಪಟಪಟ ಹೊಡೆದುಕೊಂಡರೂ ಕಲ್ಲು ಕೊಟ್ಟು ತೆರೆದೇ ಇಡುತ್ತಿದ್ದರು.

ಆ ಮೊದಲ ಶನಿವಾರವೇ ಇನ್ನೊಂದು ನಡೆಯಿತು. ಮಕ್ಕಳು ಎದ್ದು ಎದ್ದು ಹೇಳುತ್ತಿದ್ದರು. ಒಬ್ಬ ಹುಡುಗ ಹುಣಸೆಬೀಜ ನೆನೆಹಾಕಿದ್ದನ್ನು ಹೇಳಿ ಕೂತ. ಆಮೇಲೆ ಯಾರೂ ಏಳಲಿಲ್ಲ. ಎಲ್ಲ ಮಕ್ಕಳೂ ಕಿಟಕಿ ಪಕ್ಕದ ಖಾಲಿ ಮಣೆಯ ಕಡೆ ತಿರುಗಿ ಸುಮ್ಮನೆ ನೋಡತೊಡಗಿದರು. ಟೀಚರೂ ನೋಡುತ್ತಿದ್ದರು, ಮಕ್ಕಳ ಮಾತು ಕೇಳುವಾಗ ತಲೆ ಒಂದು ಕಡೆ ವಾಲಿಸುತ್ತಾರಲ್ಲ, ಹಾಗೆ. ಒಂದು ನಿಮಿಷವಾದರೂ ಆಗಿರಬೇಕು. ಇದ್ದಕ್ಕಿದ್ದಂತೆ ಒಂಬತ್ತೂ ಮಕ್ಕಳು ಒಟ್ಟಿಗೆ ಕಿಸಕ್ಕನೆ ನಕ್ಕವು.

“ನಗ್ಬಾರ್ದು,” ಅಂದರು ಟೀಚರ್. ಮಣೆಯ ಕಡೆ ನೋಡಿ, “ಹ್ಞೂಂ, ಕೂತ್ಕೊ,” ಅಂದರು.

ನನ್ನ ಪಕ್ಕದಲ್ಲಿ ಕೂತಿದ್ದ ಸಹನಾ ಎಂಬ ಎಂಟು ವರ್ಷದ ಹುಡುಗಿಯನ್ನು ಪಿಸುಮಾತಿನಲ್ಲಿ ಕೇಳಿದೆ, ಯಾಕೆ ನಕ್ಕಿರಿ ಅಂತ.

“ಪವಿತ್ರಾ ಸುಳ್ ಹೇಳುದ್ಲು ಅಜ್ಜಿ. ಏಳುರ್ ಮಗ್ಗಿ ಪೂರ್ತಿ ಬತ್ತದಂತೆ. ಏಳೇಳ್ಲಕ್ಕೇ ನಿಂತೋಯ್ತಾಳೆ.”

ಹಾಲು ಕೊಡುವಾಗ ಲೋಟ ಎಣಿಸಿದೆ. ಒಂಬತ್ತೇ ಇದ್ದವು. ನಾನು ಎಣಿಸುತ್ತಿರುವುದನ್ನು ಟೀಚರ್ ನೋಡಿದರು.

“ಅವಳಿಗೆ ಹಾಲು ಆಗಲ್ಲ ಮಿಸ್,” ಅಂದರು. “ವಾಂತಿ ಮಾಡ್ಕೋತಾಳೆ.”

ಶಾಲೆ ಬಿಟ್ಟ ಮೇಲೆ ಗೇಟಿನ ಹತ್ತಿರ ಒಬ್ಬ ಹೆಂಗಸು ಬಂದು ನಿಂತರು. ಪಕ್ಕದ ತೆಂಗಿನ ನಾರಿನ ಫ್ಯಾಕ್ಟರಿಯಲ್ಲಿ ಕೆಲಸ. ತಲೆಗೂದಲು, ಹುಬ್ಬು, ರವಿಕೆಯ ತೋಳು ಎಲ್ಲದರ ಮೇಲೂ ಕಂದು ಧೂಳು. ಪವಿತ್ರಾಳ ತಾಯಿ, ರಂಗಮ್ಮ. ಒಳಗೆ ಬರಲಿಲ್ಲ.

“ಈ ವಾರ ಏನ್ ಕಲುತ್ಲು ಟೀಚರ್?”

“ಮಗ್ಗಿ ಏಳರ ಹತ್ರ ಇದೆ. ಸ್ವಲ್ಪ ಎಡವುತ್ತೆ. ಎಲೆ ಅಚ್ಚು ಮಾಡಿದ್ಲು, ಹೊಂಗೆ ಎಲೆ.”

“ಎಡವ್ತದಾ? ಅವ್ರಪ್ಪನ ತರ ಕಣೇಳಿ. ಲೆಕ್ಕ ಅಂದ್ರೆ ಆಗಕಿಲ್ಲ. ಒಂದೇಟ್ ಕೊಡಿ ಬುಡಿ, ನಾನೇನ್ ಅನ್ನಕಿಲ್ಲ.”

“ಹೊಡಿಯೋ ಹಾಗಿಲ್ಲ ರಂಗಮ್ಮ ಈಗ.”

ಆಕೆ ಸೆರಗಿನಿಂದ ಕೈ ಒರೆಸಿಕೊಂಡು ಹೊಂಗೆ ಎಲೆಯ ಅಚ್ಚಿದ್ದ ಕಾಗದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹೋದರು.

ಆಟೋ ಬರುವವರೆಗೆ ನಾನೂ ಟೀಚರೂ ಜಗಲಿಯ ಮೇಲೆ ಕೂತೆವು. ನಾನು ಸ್ಟ್ರೇಟಾಗಿ ಕೇಳಿದೆ. ಅವರೂ ನೇರವಾಗಿಯೇ ಹೇಳಿದರು.

ಆ ಕ್ಲಾಸಿನಲ್ಲಿ ಹಾಜರಿಯನ್ನು ಮಕ್ಕಳೇ ಹಾಕಿಕೊಳ್ಳುತ್ತಿದ್ದರು. ಗೋಡೆಯ ಚಾರ್ಟಿನಲ್ಲಿ ಪ್ರತಿಯೊಬ್ಬರ ಹೆಸರು. ಬಂದ ಕೂಡಲೇ ತಮ್ಮ ಹೆಸರಿನ ಮುಂದೆ ಸ್ಕೆಚ್ ಪೆನ್ನಿನಲ್ಲಿ ಒಂದು ಚುಕ್ಕೆ. ಟೀಚರ್ ಹತ್ತು ಗಂಟೆಗೆ ಚುಕ್ಕೆ ನೋಡಿ ರಿಜಿಸ್ಟರ್ ತುಂಬುವುದು. ಹಿಂದಿನ ವರ್ಷ, ಎರಡನೇ ಕ್ಲಾಸಿನಲ್ಲಿದ್ದ ಪವಿತ್ರಾ ದಿನಾ ಲೇಟು. ಅವಳು ಬೈಸಿಕೊಳ್ಳಬಾರದೆಂದು ಸಹನಾ ಒಂದು ಬೆಳಿಗ್ಗೆ ತನ್ನ ಚುಕ್ಕೆಯ ಜೊತೆ ಅವಳದ್ದನ್ನೂ ಇಟ್ಟಳು. ಟೀಚರ್ ಚಾರ್ಟ್ ನೋಡಿದರು, ಮಕ್ಕಳನ್ನು ನೋಡಲಿಲ್ಲ. ಅವತ್ತು ಜೇಡಿಮಣ್ಣಿನ ದಿನ, ರೂಮೆಲ್ಲ ಗಲಾಟೆ. ಸಂಜೆ ರಂಗಮ್ಮ ಮಗಳನ್ನು ಹುಡುಕಿಕೊಂಡು ಬಂದಾಗ “ಬಂದಿದ್ಲಲ್ಲ, ಬಿಟ್ಟ ಮೇಲೆ ಹೋದ್ಲು” ಅಂದರು. ಊರೆಲ್ಲ ಸಂಜೆಯ ದಾರಿಯಲ್ಲಿ ಹುಡುಕಿತು. ಮಗು ಬೆಳಗಿನ ಅಡ್ಡದಾರಿಯಲ್ಲಿತ್ತು, ಪ್ಲಾಸ್ಟಿಕ್ ಶೀಟ್ ಹಾಸಿದ ಒಂದು ಕೃಷಿ ಹೊಂಡದಲ್ಲಿ. ಸಿಕ್ಕಿದ್ದು ಮಾರನೆಯ ದಿನ.

“ಶೀಟಿನ ಮೇಲೆ ಉಗುರಲ್ಲಿ ಗೀರಿದ ಗುರುತಿತ್ತಂತೆ ಮಿಸ್,” ಅಂದರು ಟೀಚರ್. “ಎಷ್ಟು ಹೊತ್ತು ಹಿಡ್ಕೊಂಡಿದ್ಲೋ. ಹತ್ತು ಗಂಟೆಗೇ ನಾನು ತಲೆ ಎಣಿಸಿದ್ರೆ?”

ಕಾರ್ಯ ಮುಗಿಸಿ ರಂಗಮ್ಮ ಶಾಲೆಗೆ ಬಂದು ಚಾರ್ಟಿನ ಮುಂದೆ ನಿಂತರಂತೆ. ಚುಕ್ಕೆಯ ಮೇಲೆ ಬೆರಳಿಟ್ಟು, “ಅವತ್ತು ಬಂದವ್ಳಲ್ಲ ಟೀಚರ್. ಆಡ್ಕಂಡು ನಕ್ಕಂಡು ಇದ್ಲಲ್ಲ. ಏನ್ ಕಲುತ್ಲು ಅವತ್ತು?” ಅಂದರಂತೆ. ಅಷ್ಟು ಹೊತ್ತಿಗೆ ಸಹನಾ ಅಳುತ್ತ ಎಲ್ಲವನ್ನೂ ಟೀಚರಿಗೆ ಹೇಳಿಯಾಗಿತ್ತು. ಆದರೆ ಆ ಬೆರಳಿನ ಮುಂದೆ ಟೀಚರ್ “ಮಣ್ಣಲ್ಲಿ ಎಮ್ಮೆ ಮಾಡಿದ್ಲು” ಅಂದುಬಿಟ್ಟರು. ಮುಂದಿನ ಶನಿವಾರ ರಂಗಮ್ಮ ಮತ್ತೆ ಬಂದರು. “ಈ ವಾರ?” ಅಂದರು.

“ಸುಳ್ಳು ಹೇಳಿ ಹೇಳಿ ಶುರುವಾಯ್ತು ಮಿಸ್, ಒಪ್ಕೋತೀನಿ. ಮೂರ್ನಾಲ್ಕು ವಾರ ನಾನೇ ಕಟ್ಟಿ ಹೇಳ್ದೆ. ಆಮೇಲೆ ಕಟ್ಟೋದು ಬೇಕಾಗ್ಲಿಲ್ಲ.”

“ಅಂದರೆ?”

“ನೋಡಿದ್ದು ಹೇಳ್ತಿದೀನಿ, ಅಷ್ಟೆ.” ಎದ್ದು ಸೀರೆಯ ಧೂಳು ಕೊಡವಿದರು. “ಚುಕ್ಕೆ ನಂಬ್ಬೇಡಿ ಮಿಸ್. ತಲೆ ನಂಬಿ.”

ಇದು ಗಿಲ್ಟ್, ಡಾಕ್ಟರಿಗೆ ತೋರಿಸಬೇಕಾದ್ದು ಅಂತ ಬಸ್ಸಿನಲ್ಲಿ ತುಮಕೂರಿನವರೆಗೂ ನನಗೆ ನಾನೇ ಹೇಳಿಕೊಂಡೆ. ಕಾನ್ವೆಂಟಿನಲ್ಲಿ ನಾನೂ ಒಮ್ಮೆ ಗೆಳತಿಯ ಪರವಾಗಿ ‘ಪ್ರೆಸೆಂಟ್, ಸಿಸ್ಟರ್’ ಅಂದಿದ್ದೆ. ಅವಳು ಮನೆಯಲ್ಲಿ ಜ್ವರ ಬಂದು ಮಲಗಿದ್ದಳು, ವಾಸಿಯಾಗಿ ಬಂದಳು. ಅದನ್ನು ಐವತ್ತು ವರ್ಷ ನಾವು ಜೋಕಿನಂತೆ ಹೇಳಿಕೊಂಡು ನಕ್ಕಿದ್ದೇವೆ. ಅವತ್ತು ಮನೆಗೆ ಬಂದು ಅವಳಿಗೆ ಫೋನ್ ಮಾಡಿದೆ. ಊಟ ಆಯಿತಾ ಅಂತ ಕೇಳಿ ಇಟ್ಟೆ.

ಹೋಗುವುದನ್ನು ನಿಲ್ಲಿಸಬೇಕೆಂದುಕೊಂಡೆ. ನಿಲ್ಲಿಸಲಿಲ್ಲ. ಮೂರು ವರ್ಷ ಹೋದೆ. ಒಂದು ವಿಷಯ ಮಾತ್ರ ಹೇಳಬೇಕು, ನಂಬುವುದು ಬಿಡುವುದು ನಿಮಗೆ ಬಿಟ್ಟಿದ್ದು. ಬರಿಗಾಳಿಯ ಮೇಲೆ ಕೂರುತ್ತಿದ್ದ ಆ ಕೈ ಒಂದೇ ಎತ್ತರದಲ್ಲಿ ಇರಲಿಲ್ಲ. ಮೊದಲ ವರ್ಷ ನನ್ನ ಸೊಂಟದ ಹತ್ತಿರವಿದ್ದದ್ದು ಮೂರನೆಯ ವರ್ಷಕ್ಕೆ ಎದೆಯವರೆಗೆ ಬಂದಿತ್ತು. ಪಕ್ಕದಲ್ಲಿ ನಿಲ್ಲುತ್ತಿದ್ದ ಸಹನಾಳೂ ಅಷ್ಟೇ ಬೆಳೆದಿದ್ದಳು. ಶಾಲೆಯ ರಿಜಿಸ್ಟರಿನಲ್ಲಿ ಪವಿತ್ರಾಳ ಹೆಸರಿಗೆ ಎಂದೋ ಕೆಂಪು ಗೆರೆ ಬಿದ್ದಿತ್ತು. ಗೋಡೆಯ ಚಾರ್ಟಿನಲ್ಲಿ ಮಾತ್ರ ಪ್ರತಿ ಜೂನಿನಲ್ಲಿ ಮಕ್ಕಳು ಅದನ್ನು ಬರೆಯುತ್ತಿದ್ದರು, ಯಾರೂ ಹೇಳದೆ.

ಪವಿತ್ರಾ ಐದಕ್ಕೆ ಬಂದ ವರ್ಷ (ಬಂದ ವರ್ಷ ಎಂದೇ ನನ್ನ ಪೆನ್ನೂ ಬರೆಯುತ್ತಿದೆ, ಇರಲಿ) ಟೀಚರ್ ಸೊರಗತೊಡಗಿದರು. ಆ ಶಾಲೆಯಲ್ಲಿ ಐದೇ ಕ್ಲಾಸು. ಐದು ಮುಗಿಸಿದವರಿಗೆ ಟಿ.ಸಿ. ಕೊಟ್ಟು ಕಳಿಸಬೇಕು. ರಂಗಮ್ಮ ಸಂಕ್ರಾಂತಿಯಿಂದಲೇ ಕೇಳತೊಡಗಿದ್ದರು, “ಟಿ.ಸಿ. ಯಾವಾಗ ಕೊಡ್ತೀರಿ ಟೀಚರ್? ಆರಕ್ಕೆ ಎಲ್ಲಿ ಸೇರ್ಸಾದು?”

“ಇಲ್ಲದ ಮಗೂಗೆ ಏನಂತ ಬರೆದು ಕೊಡ್ಲಿ ಮಿಸ್?” ಅಂದರು ನನ್ನ ಹತ್ತಿರ. “ನಿಜ ಹೇಳ್ಬೇಕು. ಅವತ್ತು ಬರ್ಲೇ ಇಲ್ಲ ಅಂತ. ನಾನು ನೋಡ್ಲಿಲ್ಲ ಅಂತ. ಆದ್ರೆ ಆ ಯಮ್ಮ ಅದೊಂದು ದಿನ ಹಿಡ್ಕೊಂಡು ಬದುಕಿದಾಳೆ. ಅದನ್ನ ಕಿತ್ಕೊಂಡ್ರೆ?”

“ಹೇಳಬೇಡಿ,” ಅಂದೆ.

“ಹೇಳ್ದೆ ಹೋದ್ರೆ ಇವಳು ಎಲ್ಲಿಗೆ ಹೋಗ್ಬೇಕು ಮಿಸ್?” ಅನ್ನುತ್ತ ಕಿಟಕಿ ಪಕ್ಕದ ಮಣೆ ನೋಡಿದರು.

ಏಪ್ರಿಲ್ಲಿನ ಕೊನೆಯ ಶನಿವಾರದ ಶಾಲೆ. ದಾರಗಳ ಮೇಲಿನದ್ದೆಲ್ಲ ಇಳಿಸಿಯಾಗಿತ್ತು, ಮಕ್ಕಳು ಹೋಗಿದ್ದರು. ರಂಗಮ್ಮ ತಲೆಗೆ ಸ್ನಾನ ಮಾಡಿ, ಧೂಳಿಲ್ಲದೆ ಬಂದಿದ್ದರು. ಮೊದಲ ಸಲ ಟೀಚರ್ ಅವರನ್ನು ಒಳಗೆ ಕರೆದು ಕೂರಿಸಿದರು. ನಾನು ಎದ್ದು ಹೋಗಲು ನೋಡಿದರೆ “ಇರಿ ಮಿಸ್” ಅಂದರು.

“ರಂಗಮ್ಮ, ಅವತ್ತು ಪವಿತ್ರಾ ಸ್ಕೂಲಿಗೆ ಬಂದಿರ್ಲಿಲ್ಲ. ಚುಕ್ಕೆ ನಾನಿಟ್ಟಿದ್ದು. ನೋಡದೆ ಇಟ್ಟೆ.”

ಸಹನಾಳ ಹೆಸರು ಅವರ ಬಾಯಲ್ಲಿ ಬರಲಿಲ್ಲ.

ರಂಗಮ್ಮ ಅಳಲಿಲ್ಲ, ಬೈಯಲಿಲ್ಲ. ತನ್ನ ಅಂಗೈ ನೋಡಿಕೊಂಡರು. ಹೊರಗೆ ಫ್ಯಾಕ್ಟರಿಯ ಮಿಷನ್ನು ನಿಂತದ್ದು ಕೇಳಿಸಿತು.

“ಅವತ್ತು ಬಂದಿಲ್ಲ ಅನ್ನಿ,” ಅಂದರು.

“ಇಲ್ಲ.”

“ಮಾರ್ನೆ ದಿನದಿಂದ ಬಂದವ್ಳಲ್ಲ ಟೀಚರ್?”

ಟೀಚರ್ ಕಿಟಕಿಯ ಕಡೆ ನೋಡಿದರು. ಮಾತು ಕೇಳುವಾಗಿನ ಹಾಗೆ ತಲೆ ಒಂದು ಕಡೆ ವಾಲಿತು.

“ಬಂದಿದಾಳೆ ರಂಗಮ್ಮ. ಒಂದಿನಾನೂ ತಪ್ಪಿಸಿಲ್ಲ.”

“ಅಷ್ಟು ಸಾಕು. ನಮ್ಮಣ್ಣನ ಊರು ಕುಣಿಗಲ್ ಹತ್ರ. ಅಲ್ಲಿ ಏಳರ್ ತಂಕ ಸ್ಕೂಲೈತೆ. ನಾನೂ ಅಲ್ಲಿಗೇ ಹೋಯ್ತಿವ್ನಿ, ಅಲ್ಲೇ ಸೇರುಸ್ತೀನಿ.” ಎದ್ದರು. ಟಿ.ಸಿ. ಕೇಳಲಿಲ್ಲ. ಕೊನೆಯ ವಾರದ ಕಾಗದವನ್ನು ಮಾತ್ರ ತೆಗೆದುಕೊಂಡರು. ಅದರಲ್ಲಿ ಏಳರ ಮಗ್ಗಿ ಏಳು ಹತ್ತಲ ಎಪ್ಪತ್ತರವರೆಗೆ ಪೂರ್ತಿ ಇತ್ತು. ಯಾರ ಅಕ್ಷರ ಅಂತ ನಾನು ನೋಡಲು ಹೋಗಲಿಲ್ಲ. ಧೈರ್ಯವಾಗಲಿಲ್ಲ, ಐ ವಿಲ್ ಅಡ್ಮಿಟ್ ಇಟ್.

ಆಕೆ ಹೋದ ಮೇಲೆ ನಾನು ರೇಗಿದೆ. “ನಿಜ ಹೇಳುತ್ತೇನೆ ಅಂದಿದ್ದಿರಿ.”

“ಹೇಳಿದ್ನಲ್ಲ ಮಿಸ್,” ಅಂದರು. “ಎರಡೂ ನಿಜಾನೇ.”

ಹದಿನಾಲ್ಕು ವರ್ಷ ಆ ಶಾಲೆ ಬಿಟ್ಟು ಕದಲದಿದ್ದ ಗಂಗಾಂಬಿಕೆ ಟೀಚರ್ ಆ ಬೇಸಿಗೆಯಲ್ಲಿ ಕುಣಿಗಲ್ ತಾಲ್ಲೂಕಿಗೆ ವರ್ಗ ಕೇಳಿಕೊಂಡು ಬರೆದು ಹಾಕಿದರು. ಬಂಧು ಬಳಗ ಯಾರೂ ಇಲ್ಲದ ಊರಿಗೆ ಯಾಕೆ ಅಂತ ಆಫೀಸಿನಲ್ಲಿ ಕೇಳಿದರಂತೆ. ಏನು ಹೇಳಿದರೋ ಗೊತ್ತಿಲ್ಲ. ಆರ್ಡರ್ ಬಂದ ಮೇಲೆ ನನಗೆ ಫೋನ್ ಮಾಡಿದರು. “ಹೊಸ ಸ್ಕೂಲು, ದೊಡ್ಡ ಕ್ಲಾಸು. ಅಲ್ಲಿ ಯಾರು ಎಣಿಸ್ತಾರೆ ಮಿಸ್ ಇವಳನ್ನ?”

ಗುಬ್ಬಿಯ ಬಸ್ ಸ್ಟ್ಯಾಂಡಿನಲ್ಲಿ ಅವರನ್ನು ಕೊನೆಯ ಸಲ ನೋಡಿದೆ. ಒಂದು ಸೂಟ್‌ಕೇಸು, ಮಡಿಸಿಟ್ಟ ಚಾರ್ಟುಗಳ ಒಂದು ಚೀಲ. ಕುಣಿಗಲ್ಲಿಗೆ ಹೋಗುವ ಬಸ್ಸಿನ ಬಾಗಿಲ ಹತ್ತಿರ ಒಂದು ಪಕ್ಕಕ್ಕೆ ನಿಂತು, ಸ್ವಲ್ಪ ತಡೆದು, ಆಮೇಲೆ ಹತ್ತಿದರು. ಕಿಟಕಿಯ ಸೀಟು ಖಾಲಿ ಬಿಟ್ಟು ಈಚೆ ಕೂತರು. ಆ ಖಾಲಿ ಸೀಟಿನ ಮೇಲಿಂದಲೇ ನಾವು ಮಾತಾಡಿದೆವು, ಮಾತ್ರೆ ಮರೆಯಬೇಡಿ, ತಲುಪಿ ಫೋನ್ ಮಾಡಿ, ಇಂಥವು.

ಕಂಡಕ್ಟರ್ ಜಗಳಗಂಟ. ಹಿಂದಿನ ಸೀಟಿನಲ್ಲಿದ್ದ ಮುದುಕಿಗೆ “ಜೆರಾಕ್ಸ್ ನಡಿಯಲ್ಲಜ್ಜಿ, ಒರಿಜಿನಲ್ ಆಧಾರ್ ತೋರ್ಸು, ಇಲ್ಲಾಂದ್ರೆ ಫ್ರೀ ಇಲ್ಲ” ಅಂತ ರೇಗುತ್ತ ಬಂದ. ಟೀಚರ್ ತಮ್ಮ ಆಧಾರ್ ಕಾರ್ಡ್ ತೋರಿಸಿದರು.

“ಕುಣಿಗಲ್. ಎರಡು,” ಅಂದರು.

ಅವನು ಕಿಟಕಿಯ ಸೀಟಿನ ಕಡೆ ಒಮ್ಮೆ ನೋಡಿದ. “ಮಗೂಗೆ ಕಾರ್ಡ್ ಬೇಡ ಬಿಡಿ ಅಮ್ಮ,” ಅಂದು ಮಿಷನ್ನನ್ನು ಎರಡು ಸಲ ಒತ್ತಿ, ಎರಡು ಚೀಟಿ ಹರಿದು ಕೊಟ್ಟ.

ಬಸ್ಸು ಹೊರಟಿತು. ನಾನು ಮೊದಲು ಕಿಟಕಿಗೆ ಟಾಟಾ ಮಾಡಿದೆ, ಆಮೇಲೆ ಟೀಚರಿಗೆ.